ಜಾರಿಯಾಗದ ವಾರಂಟು, ಮಂಜೂರಾದ ಪಿಂಚಣಿ

ನಮ್ಮ ಮೊಹಲ್ಲಾದಲ್ಲಿ ಸರಕಾರಿ ಅರ್ಜಿ ತುಂಬಿಸಿಕೊಡಲು ಕುಳಿತಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಸಾಮಾನ್ಯವಾಗಿ ಕೇಳುವವರು ಯಾರಾದರೊಬ್ಬ ಹುಡುಗನ ಉಮ್ಮ. ಮಗ ಗಲ್ಫಿನಲ್ಲಿರುತ್ತಾನೆ, ಇಲ್ಲಿ ಅವನ ಮೇಲೊಂದು ಚೆಕ್ ಬೌನ್ಸ್ ಕೇಸು ಇರುತ್ತದೆ, ಸಮನ್ಸ್ ಬಂದು ಹೋಗಿ ಈಗ ಕೋರ್ಟು ವಾರಂಟ್ ಹೊರಡಿಸಿರುತ್ತದೆ. ಅವರು ದನಿ ತಗ್ಗಿಸಿ ಕೇಳುತ್ತಾರೆ: "ಅವನ ಹೆಸರು ನಮ್ಮ ರೇಷನ್ ಕಾರ್ಡಿನಲ್ಲಿದೆಯಲ್ಲ, ಇನ್ನು ಅಕ್ಕಿ ನಿಲ್ಲುತ್ತದಾ? ನನ್ನ ವಿಧವಾ ವೇತನ?"

ನಾನು ವಕೀಲನಲ್ಲ, ಗೇರುಬೀಜದ ವ್ಯಾಪಾರಿ. ಆದರೂ ಈ ಪ್ರಶ್ನೆಗೆ ಉತ್ತರ ಹೇಳಬಲ್ಲೆ. ನಿಲ್ಲುವುದಿಲ್ಲ. 2013ರ ಆಹಾರ ಭದ್ರತಾ ಕಾಯ್ದೆ ಮನೆಯ ಸ್ಥಿತಿ ನೋಡುತ್ತದೆ, ಮನೆಯವರ ಮೇಲೆ ಯಾವ ಠಾಣೆಯಲ್ಲಿ ಏನಿದೆ ಎಂದು ನೋಡುವುದಿಲ್ಲ. ವಿಧವಾ ವೇತನಕ್ಕೆ ಬೇಕಾದದ್ದು ಗಂಡನ ಮರಣ ಪತ್ರ ಮತ್ತು ಆದಾಯ ಪತ್ರ. ಗೃಹಲಕ್ಷ್ಮಿಯ 2,000 ರೂಪಾಯಿಗೆ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುತ್ತೀರಾ ಎಂದು ಕೇಳುತ್ತಾರೆ, ವಾರಂಟ್ ಇದೆಯಾ ಎಂದು ಕೇಳುವುದಿಲ್ಲ. ವಾರಂಟ್ ಅಡ್ಡ ಬರುವುದು ಪಾಸ್‌ಪೋರ್ಟಿಗೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಕಲಮಿನಲ್ಲಿ, ಅರ್ಜಿದಾರನ ಮೇಲೆ ಕೋರ್ಟು ಬಂಧನ ವಾರಂಟ್ ಹೊರಡಿಸಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು ಎಂದು ಸ್ಪಷ್ಟವಾಗಿಯೇ ಇದೆ. ಕೇಸು ನಡೆಯುತ್ತಿರುವ ಕೋರ್ಟಿನ ಅನುಮತಿ ತಂದರೆ ದಾರಿಯುಂಟು, 1993ರ ಒಂದು ಅಧಿಸೂಚನೆ ಅದಕ್ಕೆಂದೇ ಇದೆ. ಆದ್ದರಿಂದ ಆ ಉಮ್ಮನಿಗೆ ನಾನು ಹೇಳುವುದಿಷ್ಟು: ಅಕ್ಕಿಯ ಚಿಂತೆ ಬಿಡಿ, ಮಗನಿಗೆ ವಕೀಲರನ್ನು ಹಿಡಿಯಲು ಹೇಳಿ.

ಈ ಹೆದರಿಕೆಗೆ ಅರ್ಥವಿಲ್ಲ ಎಂದು ಮಾತ್ರ ನಾನು ಹೇಳಲಾರೆ. ಅಮೆರಿಕದಲ್ಲಿ ಇದು ನಿಜವಾಗಿಯೇ ಕಾನೂನಾಯಿತು. 1996ರಲ್ಲಿ ಅಲ್ಲಿನ ಕಲ್ಯಾಣ ಯೋಜನೆಗಳನ್ನು ಬದಲಾಯಿಸಿದಾಗ, ಗಂಭೀರ ಅಪರಾಧದಲ್ಲಿ ತಲೆಮರೆಸಿಕೊಂಡವರಿಗೆ ಆಹಾರದ ನೆರವೂ ಇಲ್ಲ, ಬಡ ವೃದ್ಧರಿಗೂ ಅಂಗವಿಕಲರಿಗೂ ಕೊಡುವ ಮಾಸಾಶನವೂ ಇಲ್ಲ ಎಂದು ಬರೆದರು. 2005ರಿಂದ ದುಡಿದು ಸಂಪಾದಿಸಿದ ಸೋಷಿಯಲ್ ಸೆಕ್ಯೂರಿಟಿಗೂ ಅದನ್ನು ಹಚ್ಚಿದರು. ಕಂಪ್ಯೂಟರಿನಲ್ಲಿ ಹೆಸರು ತಾಳೆಯಾದರೆ ಹಣ ನಿಂತಿತು. ಹಾಗೆ ನಿಂತವರಲ್ಲಿ ತಮ್ಮ ಮೇಲೊಂದು ಹಳೆಯ ವಾರಂಟ್ ಇದೆ ಎಂಬುದೇ ಗೊತ್ತಿಲ್ಲದ ಮುದುಕರೂ ಇದ್ದರು. ಮಾರ್ಟಿನೆಜ್ ಎಂಬವರ ಹೆಸರಿನಲ್ಲಿ ನಡೆದ ಮೊಕದ್ದಮೆ 2009ರಲ್ಲಿ ರಾಜಿಯಲ್ಲಿ ಮುಗಿಯಿತು. ನಿಜಕ್ಕೂ ಓಡಿಹೋದ, ಜೈಲಿನಿಂದ ತಪ್ಪಿಸಿಕೊಂಡ ಬಗೆಯ ವಾರಂಟ್‌ಗಳಿಗೆ ಮಾತ್ರ ಆ ನಿಯಮ ಎಂದಾಯಿತು.

ನಮ್ಮಲ್ಲಿ ಇದಕ್ಕೆ ಪೂರಾ ತಿರುವುಮುರುವಾದ ಒಂದು ಸಂಗತಿ ನಡೆದಿದೆ. ಪೊಲೀಸರು ಹುಡುಕುತ್ತಿದ್ದರು ಎಂಬುದೇ ಸರಕಾರಿ ಪಿಂಚಣಿಗೆ ಅರ್ಹತೆಯಾದ ಸಂಗತಿ. ನನಗೆ ಅದರ ಎಳೆ ಸಿಕ್ಕಿದ್ದು ಕೊಲ್ಹಾಪುರ ಜಿಲ್ಲೆಯ ಆಜರಾದಲ್ಲಿ.

ಆಜರಾ, ಚಂದಗಡದ ಕಡೆ ಗೇರು ಸಂಸ್ಕರಣೆಯ ಸಣ್ಣ ಕಾರ್ಖಾನೆಗಳು ಬಹಳ. ಮಂಗಳೂರಿನ ನಮಗೆ ಅದು ನೆಂಟಸ್ತಿಕೆಯ ಕಸುಬು. ಸಂಕೇಶ್ವರದಲ್ಲಿ ಹೆದ್ದಾರಿ ಬಿಟ್ಟು ಗಡಹಿಂಗ್ಲಜ ದಾಟಿದರೆ ಆಜರಾ, ಅಲ್ಲಿಂದ ಮುಂದೆ ಅಂಬೋಲಿ ಘಾಟಿ, ಇಳಿದರೆ ಸಾವಂತವಾಡಿ, ಆಚೆಗೆ ಗೋವಾ. ಹಿರಣ್ಯಕೇಶಿ ನದಿ ಅಂಬೋಲಿಯ ಹತ್ತಿರ ಹುಟ್ಟಿ ಆಜರಾ ಹಾದು ಸಂಕೇಶ್ವರದ ಕಡೆ ನಮ್ಮ ಕರ್ನಾಟಕಕ್ಕೆ ಇಳಿಯುತ್ತದೆ. ಮಾತೂ ಹಾಗೆಯೇ, ಪೇಟೆಯಲ್ಲಿ ಮರಾಠಿ, ಗಡಹಿಂಗ್ಲಜದ ಆಚೆ ಹಳ್ಳಿಗಳಲ್ಲಿ ಕನ್ನಡ, ಮುಸ್ಲಿಂ ಮನೆಗಳಲ್ಲಿ ದಖ್ಖನಿ. ಘನಸಾಳ ಎಂಬ ಪರಿಮಳದ ಅಕ್ಕಿ ಅಲ್ಲಿಯದು. ನಮ್ಮ ನೈಚೋರಿಗೆ ಅದನ್ನು ಹಾಕಿ ನೋಡಿ, ಆಮೇಲೆ ಹೇಳಿ.

ಈಗ ಆ ರಸ್ತೆಯಲ್ಲಿ ಒಂದು ರಾಜ್ಯದ ಗಡಿ ಸಿಗುತ್ತದೆ. 1942ರಲ್ಲಿ ಸಿಗುತ್ತಿದ್ದದ್ದು ಎಷ್ಟು ನೋಡಿ. ಸಂಕೇಶ್ವರ ಬ್ರಿಟಿಷರ ಬೆಳಗಾವಿ ಜಿಲ್ಲೆ. ಗಡಹಿಂಗ್ಲಜ ಕೊಲ್ಹಾಪುರದ ಮಹಾರಾಜರದ್ದು. ಆಜರಾ, ಕೊಲ್ಹಾಪುರದ ಅಡಿಯಲ್ಲಿದ್ದ ಇಚಲಕರಂಜಿಯ ಘೋರ್ಪಡೆ ಜಹಗೀರಿಗೆ ಸೇರಿದ್ದು. ಘಾಟಿ ಇಳಿದರೆ ಸಾವಂತವಾಡಿ ಸಂಸ್ಥಾನ. ಅದರಾಚೆ ಪೋರ್ಚುಗೀಸರ ಗೋವಾ. ಒಂದೆರಡು ದಿನ ಕಾಲು ನಡೆಸಿದರೆ ಮೂರು ನಾಲ್ಕು ಸರಕಾರಗಳನ್ನು ದಾಟಬಹುದಿತ್ತು. ಬೆಳಗಾವಿಯ ಮ್ಯಾಜಿಸ್ಟ್ರೇಟ್ ಬರೆದ ವಾರಂಟ್ ಸಂಸ್ಥಾನದ ನೆಲದಲ್ಲಿ ನೇರವಾಗಿ ನಡೆಯುತ್ತಿರಲಿಲ್ಲ. ಅದಕ್ಕೆ 1903ರ ಹಸ್ತಾಂತರ ಕಾಯ್ದೆಯ ಪ್ರಕಾರ ಬೇರೆಯೇ ಪತ್ರ ವ್ಯವಹಾರ ಬೇಕಿತ್ತು. ಪೊಲೀಸರು ಪರಸ್ಪರ ಸಹಕರಿಸುತ್ತಿದ್ದರು ಎಂಬುದು ಬೇರೆ ಮಾತು. ಅಂತೂ ಅಡಗುವವನಿಗೆ ಗಡಿ ಎಂದರೆ ಒಂದಿಷ್ಟು ಉಸಿರಾಡುವ ಜಾಗ.

ಅಡಗುವವರು ಇದ್ದರು. ಕೊಲ್ಹಾಪುರದಲ್ಲಿ 1939ರಲ್ಲಿ ಪ್ರಜಾ ಪರಿಷತ್ತು ಕಟ್ಟಿದವರು ಮಾಧವರಾವ್ ಬಾಗಲ್ ಮತ್ತು ರತ್ನಪ್ಪಾ ಕುಂಭಾರ. ಸಂಸ್ಥಾನದಲ್ಲಿ ಜವಾಬ್ದಾರಿ ಸರಕಾರ ಬೇಕು ಎಂಬುದು ಅವರ ಬೇಡಿಕೆ. ಕುಂಭಾರರು ಕ್ವಿಟ್ ಇಂಡಿಯಾ ಕಾಲದಲ್ಲಿ ಭೂಗತರಾಗಿ ಕೆಲಸ ಮಾಡಿದವರು, ಮುಂದೆ ಸಂವಿಧಾನ ಸಭೆಯಲ್ಲಿ ಕುಳಿತವರು, ಇಚಲಕರಂಜಿಯ ಪಂಚಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆ ಕಟ್ಟಿದವರು. ಪೊಲೀಸರು ಹುಡುಕುತ್ತಿದ್ದ ಮನುಷ್ಯನಿಗೆ 1985ರಲ್ಲಿ ಪದ್ಮಶ್ರೀ ಬಂತು. ಉತ್ತರಕ್ಕೆ, ಆಗಿನ ಸಾತಾರಾ ಜಿಲ್ಲೆಯಲ್ಲಿ, ನಾನಾ ಪಾಟೀಲರ ಪ್ರತಿಸರಕಾರ 1943ರಿಂದ 1946ರವರೆಗೆ ಹಳ್ಳಿಗಳಲ್ಲಿ ತನ್ನದೇ ನ್ಯಾಯ ಪಂಚಾಯಿತಿ ನಡೆಸಿತು. ಪಾಟೀಲರು ಅಷ್ಟೂ ಕಾಲ ಪೊಲೀಸರ ಕೈಗೆ ಸಿಗಲಿಲ್ಲ. 1946ರಲ್ಲಿ ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಬಹಿರಂಗಕ್ಕೆ ಬಂದರು.

ಆಜರಾಕ್ಕೆ ಎಲ್ಲಕ್ಕಿಂತ ಹತ್ತಿರದ ನೆನಪು ಗಾರಗೋಟಿಯದು. ಪಕ್ಕದ ಭೂದರಗಡ ತಾಲೂಕಿನ ಊರು. 1942ರ ಡಿಸೆಂಬರ್ 13ರಂದು ಅಲ್ಲಿನ ಕಚೇರಿಯ ಖಜಾನೆಯ ಮೇಲೆ ಹೋರಾಟಗಾರರ ಗುಂಪು ಏರಿಹೋಯಿತು. ಗುಂಡು ಹಾರಿತು. ಕರವೀರಯ್ಯ ಸ್ವಾಮಿ, ನಾರಾಯಣ ವಾರಕೆ ಸೇರಿ ಏಳು ಜನ ಸತ್ತರು. ಅವರಿಗೆ ಅಲ್ಲಿ ಹುತಾತ್ಮ ಸ್ಮಾರಕವಿದೆ. ಸತ್ತವರ ಹೆಸರು ಕಲ್ಲಿನ ಮೇಲೆ ಬಂತು, ಹಿಡಿದವರ ಹೆಸರು ಜೈಲಿನ ದಾಖಲಾತಿ ಪುಸ್ತಕದಲ್ಲಿ ಬಂತು. ಇಂಥ ಘಟನೆಗಳಲ್ಲಿ ಮೂರನೆಯ ಬಗೆಯವರು ಇರುತ್ತಾರೆ, ತಪ್ಪಿಸಿಕೊಂಡು ಗುಡ್ಡ ಹತ್ತಿದವರು. ಅವರ ಹೆಸರು ಎಲ್ಲಿ ಬರಬೇಕು?

1972ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯಕ್ಕೆ ಇಪ್ಪತ್ತೈದು ತುಂಬಿದಾಗ ಕೇಂದ್ರ ಸರಕಾರ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಶುರುಮಾಡಿತು. ತಿಂಗಳಿಗೆ 200 ರೂಪಾಯಿ, ಅದೂ ವರ್ಷಕ್ಕೆ 5,000 ರೂಪಾಯಿಗಿಂತ ಕಡಿಮೆ ಆದಾಯವಿದ್ದವರಿಗೆ. ಎಂದರೆ ಮೊದಲಿಗೆ ಅದು ಬಡ ಹೋರಾಟಗಾರನ ಹೊಟ್ಟೆಗೆಂದು ಬಂದ ಯೋಜನೆ. 1980ರ ಆಗಸ್ಟ್ 1ರಿಂದ ಆದಾಯದ ಮಿತಿ ತೆಗೆದರು, ಮೊತ್ತ 300 ಆಯಿತು, ಹೆಸರಿಗೆ 'ಸಮ್ಮಾನ್' ಎಂಬ ಮಾತು ಸೇರಿತು. ನೆರವಾಗಿದ್ದದ್ದು ಗೌರವವಾಯಿತು. ಆರು ತಿಂಗಳು ಜೈಲಿನಲ್ಲಿದ್ದವರಿಗೆ ಅರ್ಹತೆ, ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಮೂರು ತಿಂಗಳು ಸಾಕು.

ಜೈಲಿಗೆ ಹೋಗದವರಿಗೂ ಅದರಲ್ಲಿ ಒಂದು ಬಾಗಿಲಿತ್ತು. ಆರು ತಿಂಗಳಿಗಿಂತ ಹೆಚ್ಚು ಕಾಲ ಭೂಗತರಾಗಿದ್ದವರೂ ಪಿಂಚಣಿಗೆ ಅರ್ಹರು. ಆದರೆ ಬರೀ ಅಡಗಿದ್ದೆ ಎಂದರೆ ಸಾಲದು. ಕೋರ್ಟು ಅವರನ್ನು ಘೋಷಿತ ಅಪರಾಧಿ ಎಂದು ಸಾರಿರಬೇಕು. ಇಲ್ಲವೇ ಅವರ ತಲೆಗೆ, ಬಂಧನಕ್ಕೆ ಬಹುಮಾನ ಕಟ್ಟಿರಬೇಕು. ಇಲ್ಲವೇ ಅವರನ್ನು ಸ್ಥಾನಬದ್ಧತೆಯಲ್ಲಿಡುವ ಆದೇಶ ಹೊರಟಿದ್ದು, ಅದು ಜಾರಿಯಾಗದೆ ಉಳಿದಿರಬೇಕು. ಈ ಕೊನೆಯ ಮಾತನ್ನು ನಾನು ಎಷ್ಟೋ ಸಲ ಓದಿದ್ದೇನೆ. ಆದೇಶ ಜಾರಿಯಾಗಿದ್ದರೆ ನೀವು ಜೈಲಿನವರು, ಜಾರಿಯಾಗದಿದ್ದರೆ ಭೂಗತರು. ಪೊಲೀಸನ ಸೋಲೇ ನಿಮ್ಮ ಯೋಗ್ಯತಾ ಪತ್ರ.

ಘೋಷಣೆ ಎಂದರೇನು ಎಂಬುದನ್ನೂ ಹೇಳಬೇಕು, ಏಕೆಂದರೆ ಇವತ್ತಿಗೂ ಅದು ಬಹುತೇಕ ಹಾಗೆಯೇ ಇದೆ. ಬ್ರಿಟಿಷರ 1898ರ ದಂಡ ಪ್ರಕ್ರಿಯಾ ಸಂಹಿತೆಯ 87ನೇ ಕಲಮು ಅದು. ವಾರಂಟ್ ಇರುವ ಮನುಷ್ಯ ತಲೆಮರೆಸಿಕೊಂಡಿದ್ದಾನೆ ಎಂದು ಕೋರ್ಟಿಗೆ ಅನ್ನಿಸಿದರೆ, ಮೂವತ್ತು ದಿನಕ್ಕೆ ಕಡಿಮೆಯಿಲ್ಲದ ಗಡುವು ಕೊಟ್ಟು, ಇಂಥ ದಿನ ಇಂಥಲ್ಲಿ ಹಾಜರಾಗು ಎಂದು ಸಾರಬೇಕು. ಆ ಕಾಗದವನ್ನು ಅವನ ಊರಲ್ಲಿ ಎಲ್ಲರಿಗೂ ಕೇಳುವಂತೆ ಓದಬೇಕು, ಅವನ ಮನೆಗೆ ಎದ್ದು ಕಾಣುವ ಹಾಗೆ ಅಂಟಿಸಬೇಕು, ಇನ್ನೊಂದು ಪ್ರತಿ ಕೋರ್ಟಿನ ಗೋಡೆಗೆ. ಮುಂದಿನ ಕಲಮಿನಲ್ಲಿ ಆಸ್ತಿ ಜಪ್ತಿ. 1973ರ ಸಂಹಿತೆಯಲ್ಲಿ ಅವು 82, 83 ಆದವು. 2024ರ ಜುಲೈಯಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 84, 85.

ಮನೆಯ ಬಾಗಿಲಿಗೆ ಅಂಟಿಸಿದ ಆ ಕಾಗದವನ್ನು ಯಾರು ಇಟ್ಟುಕೊಳ್ಳುತ್ತಾರೆ? ಮಾನ ಹೋಯಿತೆಂದು ಅತ್ತೆಯೋ ಅಜ್ಜಿಯೋ ರಾತ್ರಿಯೇ ಕಿತ್ತು ಒಲೆಗೆ ಹಾಕಿರುತ್ತಾರೆ. ಮೂವತ್ತು ವರ್ಷ ಕಳೆದ ಮೇಲೆ ಸರಕಾರ ಅದೇ ಕಾಗದ ಕೇಳಿತು.

ಕಚೇರಿಯಲ್ಲಾದರೂ ಪ್ರತಿ ಇರಬೇಕಲ್ಲ ಎನ್ನುತ್ತೀರಿ. ಅವಧಿ ಮುಗಿದ ಕಡತಗಳನ್ನು ನಾಶಮಾಡುವುದು ಎಲ್ಲ ಕಚೇರಿಗಳ ಪದ್ಧತಿ. ಅದರ ಮೇಲೆ ಆಜರಾದಂಥ ಕಡೆಗೆ ಇನ್ನೊಂದು ತೊಡಕು. ಕೊಲ್ಹಾಪುರ ಸಂಸ್ಥಾನ 1949ರ ಮಾರ್ಚ್ 1ಕ್ಕೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರಿಗೆ ಬಂತು. 1960ರಲ್ಲಿ ಮಹಾರಾಷ್ಟ್ರ ಆಯಿತು. ಒಬ್ಬ ನಿಪ್ಪಾಣಿಯವನು ಕೊಲ್ಹಾಪುರದ ನೆಲದಲ್ಲಿ ಅಡಗಿ ಕೆಲಸ ಮಾಡಿದ್ದ ಎಂದು ಇಟ್ಟುಕೊಳ್ಳಿ. ಅವನ ಮೇಲಿನ ಆದೇಶ ಇದ್ದರೆ ಇರಬೇಕಾದದ್ದು ಸಂಸ್ಥಾನದ ದಫ್ತರದಲ್ಲಿ, ಅದು ಈಗ ಮಹಾರಾಷ್ಟ್ರದ್ದು. ಅವನ ಅರ್ಜಿ ಹೋಗಬೇಕಾದದ್ದು ಬೆಂಗಳೂರಿನ ಮೂಲಕ ದಿಲ್ಲಿಗೆ. ಅಡಗಲು ನೆರವಾದ ಗಡಿಗಳೇ ಪುರಾವೆ ಹುಡುಕುವಾಗ ಗೋಡೆಗಳಾದವು.

ಕಾಗದ ಸಿಗದವರಿಗೆ ಸರಕಾರ ಎರಡನೆಯ ದಾರಿ ಇಟ್ಟಿತ್ತು. ದಾಖಲೆ ಲಭ್ಯವಿಲ್ಲ ಎಂದು ರಾಜ್ಯ ಸರಕಾರ ಬರೆದುಕೊಡಬೇಕು. ಅದರೊಂದಿಗೆ, ಇವನು ಭೂಗತನಾಗಿದ್ದ ಎಂದು ತನಗೆ ಸ್ವತಃ ಗೊತ್ತು ಎಂದು ಒಬ್ಬ ಹಿರಿಯ ಹೋರಾಟಗಾರ ಪ್ರಮಾಣಪತ್ರ ಕೊಡಬೇಕು. ಆ ಹಿರಿಯರು ಕನಿಷ್ಠ ಎರಡು ವರ್ಷ ಜೈಲು ಕಂಡವರಾಗಿರಬೇಕು, ಅದೇ ಆಡಳಿತ ಪ್ರದೇಶದವರೇ ಆಗಿರಬೇಕು. ಇಲ್ಲಿ ಸ್ವಲ್ಪ ಯೋಚಿಸಿ. ಎರಡು ವರ್ಷ ಜೈಲಿನಲ್ಲಿದ್ದವನಿಗೆ ಅದೇ ಹೊತ್ತಿಗೆ ಹೊರಗೆ ಯಾರು ಯಾವ ಗುಡ್ಡದಲ್ಲಿ ಅಡಗಿದ್ದರು ಎಂಬುದು ಎಷ್ಟು ಗೊತ್ತಿರುತ್ತದೆ? ನನ್ನ ಮಟ್ಟಿಗೆ ಈ ನಿಯಮ ಬರೆದವರು ಅಡಗಿ ಬದುಕಿದವರೊಡನೆ ಕುಳಿತು ಒಂದು ಚಾ ಕುಡಿದಿರಲಿಕ್ಕಿಲ್ಲ.

ಸುಪ್ರೀಂ ಕೋರ್ಟಿಗೆ ಇದು ಹಲವು ಸಲ ಹೋಯಿತು. ಅರ್ಜಿ ಸಲ್ಲಿಸಲು 1982ರ ಮಾರ್ಚ್ 31 ಕೊನೆಯ ದಿನವಾಗಿತ್ತು. ಗಡುವು ಮೀರಿತೆಂದು ಹೋರಾಟಗಾರನನ್ನು ಬಾಗಿಲಿಂದ ಕಳಿಸಬೇಡಿ ಎಂದು 1993ರಲ್ಲಿ ಮುಕುಂದ ಲಾಲ್ ಭಂಡಾರಿ ಪ್ರಕರಣದಲ್ಲಿ ಕೋರ್ಟು ಹೇಳಿತು. 2001ರಲ್ಲಿ ಗುರ್ದಿಯಾಲ್ ಸಿಂಗ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಕ್ರಿಮಿನಲ್ ಕೇಸಿನಲ್ಲಿ ಕೇಳುವಂಥ ಸಂಶಯಾತೀತ ಪುರಾವೆ ಇಲ್ಲಿ ಕೇಳಬಾರದು, ಸಂಭವನೀಯತೆ ನೋಡಿದರೆ ಸಾಕು ಎಂದಿತು. ಅದೇ ಕೋರ್ಟು 2005ರಲ್ಲಿ ಮಹಾರಾಷ್ಟ್ರದ ಬೀಡ ಜಿಲ್ಲೆಯ ಪ್ರಕರಣದಲ್ಲಿ ನಕಲಿ ಹೋರಾಟಗಾರರ ವಿಷಯದಲ್ಲಿ ಕಟುವಾಗಿ ಮಾತಾಡಬೇಕಾಯಿತು. ಭಾವುರಾವ್ ದಗಡು ಪರಳಕರ ಪ್ರಕರಣ ಎಂದು ಅದನ್ನು ಕರೆಯುತ್ತಾರೆ. ಪ್ರಮಾಣಪತ್ರ ಒಂದೇ ಸಾಕು ಎಂದಾಗ ಪ್ರಮಾಣಪತ್ರದ ವ್ಯಾಪಾರವೂ ಹುಟ್ಟುತ್ತದೆ. ಕಾಗದವನ್ನೇ ಹಿಡಿದು ಕುಳಿತರೆ ನಿಜವಾದವನು ಹೊರಗೆ, ಕಾಗದ ಬಿಟ್ಟರೆ ಸುಳ್ಳನು ಒಳಗೆ. ಇದಕ್ಕೆ ಸುಲಭದ ಉತ್ತರ ನನ್ನಲ್ಲಿಲ್ಲ. ಆದರೂ ಎರಡರಲ್ಲಿ ಒಂದನ್ನು ಆರಿಸು ಎಂದರೆ ನಾನು 2001ರ ತೀರ್ಪಿನ ಕಡೆ.

ದೇಶದಲ್ಲಿ ಒಟ್ಟು ಸುಮಾರು 1.7 ಲಕ್ಷ ಮಂದಿಗೆ, ಅವರ ಅವಲಂಬಿತರೂ ಸೇರಿ, ಈ ಕೇಂದ್ರ ಪಿಂಚಣಿ ಮಂಜೂರಾಗಿದೆ. 2016ರಲ್ಲಿ ಸಾಮಾನ್ಯ ಹೋರಾಟಗಾರರ ಮೊತ್ತ 26,000 ರೂಪಾಯಿಗೆ ಏರಿತು. ಹೋರಾಟಗಾರ ತೀರಿಕೊಂಡರೆ ಹೆಂಡತಿಗೆ, ಅವರ ನಂತರ ಮದುವೆಯಾಗದ, ಆದಾಯವಿಲ್ಲದ ಹೆಣ್ಣುಮಕ್ಕಳಿಗೆ ಸಿಗುತ್ತದೆ. ಗಂಡುಮಕ್ಕಳಿಗಿಲ್ಲ. ಇದರ ಮಾದರಿಯಲ್ಲಿ ಮಹಾರಾಷ್ಟ್ರ 2018ರಲ್ಲಿ ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದವರಿಗೂ ಗೌರವಧನ ಶುರುಮಾಡಿತು. ಸರಕಾರ ಬದಲಾಗಿ 2020ರಲ್ಲಿ ನಿಂತಿತು, ಮತ್ತೆ ಬದಲಾಗಿ 2022ರಲ್ಲಿ ಮುಂದುವರಿಯಿತು. ಯಾವ ಕಾಲದ ಆರೋಪಿ ಯಾವ ಕಾಲಕ್ಕೆ ಗೌರವಾನ್ವಿತ ಎಂಬುದು ಗಾದಿಯಲ್ಲಿ ಕುಳಿತವರನ್ನು ನೋಡಿಕೊಂಡಿರುತ್ತದೆ.

ನಾನು ವ್ಯವಹಾರ ಮಾಡುವ ಆಜರಾದ ಒಂದು ಕಾಜೂ ಕಾರ್ಖಾನೆಯಲ್ಲಿ ಸಿಪ್ಪೆ ಸುಲಿಯುವ ಹೆಂಗಸರ ಜೊತೆ ಗಡಹಿಂಗ್ಲಜ ಕಡೆಯ ಒಬ್ಬ ಅಜ್ಜಿ ಕೂರುತ್ತಿದ್ದರು. ಕನ್ನಡದವನು ಬಂದಿದ್ದಾನೆ ಎಂದು ನನ್ನೊಡನೆ ಮಾತಿಗಿಳಿಯುತ್ತಿದ್ದರು. ಒಮ್ಮೆ ಗಾರಗೋಟಿಯ ಮಾತು ಬಂದಾಗ ಅವರು ಅಂದದ್ದು ಇಷ್ಟೇ: "ನಮ್ಮವ್ವ ರೊಟ್ಟಿ ಬಡದು ಬುಟ್ಟ್ಯಾಗ ಇಟ್ಟು ಮ್ಯಾಲ ಕುಳ್ಳು ಮುಚ್ಚಿ ಗುಡ್ಡಕ್ಕ ಒಯ್ತಿದ್ಲರಿ. ಯಾರಿಗೆ ಅಂತ ಕೇಳಿದ್ರ ದನಾ ಕಾಯೋರಿಗೆ ಅಂತಿದ್ಲು. ನಮ್ಮನ್ಯಾಗ ದನಾನ ಇರಲಿಲ್ಲ." ನಿಮ್ಮ ಅವ್ವನಿಗೆ ಪಿಂಚಣಿ ಬಂದಿತ್ತಾ ಎಂದು ಕೇಳಿದೆ. ಅಜ್ಜಿ ನಕ್ಕುಬಿಟ್ಟರು. "ಆಕಿ ಮ್ಯಾಲ ಏನ್ ಕೇಸ್ ಇತ್ತ್ರಿ?"

ಯೋಜನೆಯ ಇಡೀ ಲೆಕ್ಕ ಆ ಒಂದು ಮಾತಿನಲ್ಲಿತ್ತು. ಗುಡ್ಡದಲ್ಲಿದ್ದವನು ಆರು ತಿಂಗಳು ಬದುಕಿದ್ದು ಯಾರದೋ ಒಲೆಯ ಮೇಲೆ. ಬಾಡಿಗೆ ಗಾಡಿ ಹೊಡೆಯುವವನು, ಕುರಿ ಕಾಯುವವನು, ಬುಟ್ಟಿ ಹೊತ್ತ ಹೆಂಗಸು, ಚಿಕ್ಕ ಅಂಗಡಿಯ ಮುಸಲ್ಮಾನ, ಇವರನ್ನು ಹಿಡಿಯಬೇಕೆಂದು ಯಾವ ಫೌಜದಾರನೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳಲಿಲ್ಲ ಎಂಬ ಕಾರಣಕ್ಕೇ ಅವರು ಉಪಯೋಗಕ್ಕೆ ಬಂದರು. ಅದೇ ಕಾರಣಕ್ಕೆ ಅರ್ಹರಾಗಲಿಲ್ಲ. ಯಾರು ದೇಶಭಕ್ತರು ಎಂಬ ಪಟ್ಟಿಯನ್ನು ಸ್ವತಂತ್ರ ಭಾರತ ತಯಾರಿಸಿದ್ದು ಬ್ರಿಟಿಷ್ ಪೊಲೀಸರ ಪಟ್ಟಿ ನೋಡಿಕೊಂಡು. ಅವರ ಕಣ್ಣಿಗೆ ದೊಡ್ಡವನಾಗಿ ಕಂಡವನು ನಮಗೂ ದೊಡ್ಡವನು.

ನಮ್ಮ ಕರಾವಳಿಗೂ ಇದರ ಸಂಬಂಧವಿದೆ. ಪಿಂಚಣಿಗೆ ಮಾನ್ಯವಾದ ಚಳವಳಿಗಳ ಪಟ್ಟಿಯಲ್ಲಿ ಖಿಲಾಫತ್ ಇದೆ, 1921ರ ಮಲಬಾರಿನ ಮಾಪಿಳ್ಳೆ ಬಂಡಾಯವಿದೆ, ಸಂಸ್ಥಾನಗಳ ಪ್ರಜಾಮಂಡಲ ಚಳವಳಿಯಿದೆ. ಕೊಲ್ಹಾಪುರದವರು ಆ ಕೊನೆಯ ಬಾಗಿಲಿನಿಂದಲೂ ಬರಬಹುದಿತ್ತು. ಕಯ್ಯೂರು ಕೂಡ ಇದೆ. ಕಯ್ಯೂರು ಆಗ ನಮ್ಮದೇ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು. 1941ರ ಮಾರ್ಚ್ 28ರಂದು ರೈತರ ಮೆರವಣಿಗೆಯ ನಡುವೆ ಒಬ್ಬ ಪೊಲೀಸ್ ಸತ್ತ. ಮೊಕದ್ದಮೆ ನಡೆದದ್ದು ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ. 1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಾಲ್ವರನ್ನು ಗಲ್ಲಿಗೇರಿಸಿದರು: ಮಠತ್ತಿಲ್ ಅಪ್ಪು, ಕೋಯಿತಾಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್. ಆರೋಪಿಗಳ ಪಟ್ಟಿಯಲ್ಲಿದ್ದ ಇನ್ನೊಬ್ಬ ತರುಣ ಪೊಲೀಸರ ಕೈಗೆ ಸಿಗದೆ ವರ್ಷಗಟ್ಟಲೆ ಭೂಗತನಾಗಿ ಉಳಿದ. ಆತ ಇ.ಕೆ. ನಾಯನಾರ್. ಮುಂದೆ ಮೂರು ಸಲ ಕೇರಳದ ಮುಖ್ಯಮಂತ್ರಿಯಾದರು.

ಕಾಸರಗೋಡು, ಮಂಜೇಶ್ವರ, ಉಳ್ಳಾಲದ ಕಡೆ ಹಳೆಯ ಪೆಟ್ಟಿಗೆ ಇಟ್ಟುಕೊಂಡಿರುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಪೆಟ್ಟಿಗೆಯ ತಳದಲ್ಲಿ ಇಂಗ್ಲಿಷಿನಲ್ಲೋ ಹಳೆಯ ಮೋಡಿ ಕನ್ನಡದಲ್ಲೋ ಠಾಣೆಯ ಮೊಹರಿನ ಕಾಗದ ಸಿಕ್ಕರೆ, ಮನೆತನಕ್ಕೆ ಅವಮಾನವೆಂದು ಒಲೆಗೆ ಹಾಕಬೇಡಿ. ಒಂದು ಫೋಟೋ ತೆಗೆದು ನನಗೆ ಕಳಿಸಿ. ಕಾಗದವಿಲ್ಲದಿದ್ದರೆ, ಯಾವ ಅಜ್ಜಿ ಯಾರಿಗೆ ಎಷ್ಟು ದಿನ ಗಂಜಿ ಕೊಟ್ಟಿದ್ದರು ಎಂಬುದನ್ನು ಬರೆದು ಕಳಿಸಿ, ಬ್ಯಾರಿಯಲ್ಲಾದರೂ ಸರಿ, ಕನ್ನಡದಲ್ಲಾದರೂ ಸರಿ.